ಸೋಮವಾರ ತಿರುಗದ ಗಾಣ

ಸರ್ಕಾರದ ಕಾಗದಗಳ ಪ್ರಕಾರ ನಾನು ಇಪ್ಪತ್ತಾರನೆಯ ವಯಸ್ಸಿಗೇ ಉದ್ಯಮಿ. ಮನೆಯಲ್ಲಿ ಮಾತ್ರ ಆ ಹೊತ್ತಿಗೆ ಸಾರಿಗೆ ಉಪ್ಪು ಹಾಕುವ ಅಧಿಕಾರವೂ ನನಗೆ ಬಂದಿರಲಿಲ್ಲ. ಉಪ್ಪು, ಖಾರ, ಹಾಲು, ಮಜ್ಜಿಗೆ ಎಲ್ಲ ಅತ್ತೆಯ ಕೈಯಲ್ಲಿದ್ದವು. ಉಳಿದದ್ದೆಲ್ಲ ಮಾವನ ಕೈಯಲ್ಲಿತ್ತು. ನನ್ನ ಗಂಡ ಹಗರಿಬೊಮ್ಮನಹಳ್ಳಿಯ ಹೈಸ್ಕೂಲಿನಲ್ಲಿ ಮೇಷ್ಟ್ರು. ಬೆಳಿಗ್ಗೆ ಬಸ್ಸು ಹತ್ತಿದರೆ ದೀಪ ಹಚ್ಚುವ ಹೊತ್ತಿಗೆ ಮನೆ ಸೇರುವವರು. ಮನೆಯಲ್ಲಿ ಏನೇ ನಡೆದರೂ ಎಲ್ಲ ಮುಗಿದ ಮೇಲೆ ಅವರಿಗೆ ತಿಳಿಯುತ್ತಿತ್ತು. ಇದು ಅವರ ದುರದೃಷ್ಟವೆಂದು ನಾನು ಬಹಳ ದಿನ ಅಂದುಕೊಂಡಿದ್ದೆ. ಆಮೇಲೆ ಜಾಣತನವೆಂದು ಗೊತ್ತಾಯಿತು.

ಇದು ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು. ಆಗ ಹರಪನಹಳ್ಳಿಯೂ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ನನ್ನ ತವರು ಹರಪನಹಳ್ಳಿ, ಕೊಟ್ಟ ಮನೆ ಕೊಟ್ಟೂರು. ನಡುವೆ ಒಂದು ಬಸ್ಸಿನ ದಾರಿ, ಅಷ್ಟೇ. ಅಷ್ಟಕ್ಕೇ ನನ್ನ ಮಾತಿಗೆ ದಾವಣಗೆರೆ ಗಾಳಿ ಬಡಿದಿದೆಯೆಂದು ಅತ್ತೆ ಮೊದಲ ವರ್ಷವಿಡೀ ನಗುತ್ತಿದ್ದರು. ನಾನು ಬಿ.ಎ. ಮಾಡಿಕೊಂಡು ಬಂದವಳು. ಆ ಮನೆಯಲ್ಲಿ ಅದರ ಉಪಯೋಗ ಒಂದೇ: ಟಪಾಲು ಬಂದಾಗ ಓದಿ ಹೇಳುವುದು. ತಿಂಗಳಿಗೆ ಒಂದೋ ಎರಡೋ ಟಪಾಲು ಬರುತ್ತಿತ್ತು.

ಮಾವನದು ಎಣ್ಣೆ ತೆಗೆಯುವ ಕಸುಬು. ಹಿತ್ತಲಿನ ತಗಡಿನ ಛಾವಣಿಯ ಕೆಳಗೆ ಮರದ ಗಾಣ, ಅದನ್ನು ತಿರುಗಿಸುವುದಕ್ಕೆ ಒಂದು ಬಿಳಿ ಎತ್ತು. ಸುತ್ತಲಿನ ಹಳ್ಳಿಯವರು ಶೇಂಗಾ, ಕುಸುಬಿ, ಎಳ್ಳು ತಂದು ಎಣ್ಣೆ ಮಾಡಿಸಿಕೊಂಡು, ಹಿಂಡಿಯನ್ನು ಚೀಲಕ್ಕೆ ತುಂಬಿಕೊಂಡು ಹೋಗುತ್ತಿದ್ದರು. ನಾನು ಮದುವೆಯಾಗಿ ಬರುವ ಹೊತ್ತಿಗೆ ಎತ್ತಿಗೆ ವಯಸ್ಸಾಗಿತ್ತು. ಹತ್ತು ಸುತ್ತು ಬಂದು ನಿಲ್ಲುತ್ತಿತ್ತು. ಮಾವನೂ ಅದರ ಜೊತೆ ನಿಂತು, ಅದರ ಬೆನ್ನು ಸವರಿ, ಅದಕ್ಕೆ ಮನಸ್ಸು ಬಂದಾಗ ಮತ್ತೆ ಹೊರಡುತ್ತಿದ್ದರು. ಬೇರೆ ಎತ್ತು ತರೋಣ ಎಂದರೆ, ಹೊಸದು ತಿರುಗುವುದನ್ನು ಇದು ನಿಂತು ನೋಡಬೇಕಲ್ಲ, ಅದು ಸರಿಯಲ್ಲ ಎನ್ನುವರು. ಮಾರಿಬಿಡೋಣ ಎಂದು ಯಾರೋ ಒಮ್ಮೆ ಅಂದದ್ದಕ್ಕೆ ಅವರ ಮನೆಯ ಮದುವೆಗೂ ಹೋಗಲಿಲ್ಲ. ಹೀಗಾಗಿ ನಮ್ಮ ಮನೆಯ ಕಸುಬು ಎತ್ತಿನ ಮಂಡಿನೋವಿನ ಜೊತೆಜೊತೆಗೇ ನಿಂತುಹೋಗುವ ಹಾಗೆ ಕಾಣುತ್ತಿತ್ತು.

ಅಷ್ಟರಲ್ಲಿ ನನ್ನ ಗಂಡ ಶಾಲೆಯಿಂದ ಬರುವಾಗ ಒಂದು ಕರಪತ್ರ ತಂದರು. ಓದಿದ ಮಹಿಳೆಯರಿಗೆ ಸಣ್ಣ ಉದ್ಯಮ ನಡೆಸಲು ಹತ್ತು ದಿನಗಳ ತರಬೇತಿ, ಆಮೇಲೆ ಯೋಗ್ಯರಾದವರಿಗೆ ಸರ್ಕಾರದ ಕಡೆಯಿಂದ ಯಂತ್ರ. ತರಬೇತಿ ನಡೆಯುವುದು ಹಗರಿಬೊಮ್ಮನಹಳ್ಳಿಯಲ್ಲೇ. ಗಂಡನ ಜೊತೆ ಒಂದೇ ಬಸ್ಸಿನಲ್ಲಿ ಹೋಗಿ ಒಂದೇ ಬಸ್ಸಿನಲ್ಲಿ ಬರಬಹುದೆಂಬ ಕಾರಣಕ್ಕೆ ಮಾವ ಒಪ್ಪಿದರು. ಉದ್ಯಮ ಎಂದರೇನೆಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ತರಬೇತಿಯಲ್ಲಿ ಹತ್ತು ದಿನವೂ ನಮಗೆ ಧೈರ್ಯ ಕಲಿಸಿದರು. ಕೊನೆಯ ದಿನ ಪ್ರತಿಯೊಬ್ಬರೂ ಎದ್ದು ನಿಂತು ತಾವು ಏನು ತಯಾರಿಸುತ್ತೇವೆಂದು ಹೇಳಬೇಕಿತ್ತು. ಮೊದಲು ಎದ್ದವಳು ಮೇಣದಬತ್ತಿ ಎಂದಳು. ಅಲ್ಲಿಂದ ಸಾಲು ಹಿಡಿದು ಮೇಣದಬತ್ತಿಯೇ ಬಂತು. ಆ ವರ್ಷ ಕರೆಂಟು ಹೋಗುತ್ತಿದ್ದ ರೀತಿ ನೋಡಿದರೆ ಅದು ಕೆಟ್ಟ ಯೋಚನೆಯೇನೂ ಆಗಿರಲಿಲ್ಲ. ನನ್ನ ಪಕ್ಕ ಕೂತಿದ್ದ ಹಡಗಲಿಯ ಹೆಣ್ಣುಮಗಳೊಬ್ಬಳು ಮಾತ್ರ ಎಣ್ಣೆ ಗಾಣ ಎಂದಳು. ನಾನೂ ಎದ್ದು ಎಣ್ಣೆ ಗಾಣ ಎಂದೆ. ಅವಳು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ಕೊಡಲು ಇದ್ದದ್ದು ಒಂದೇ ಮೋಟಾರಿನ ಗಾಣ. ಮನೆಯಲ್ಲಿ ಕಸುಬು ಮೊದಲಿಂದ ಇದೆಯೆಂಬ ಕಾರಣಕ್ಕೆ ಪಟ್ಟಿಯಲ್ಲಿ ನಾನು ಮೊದಲನೆಯವಳಾದೆ, ಹಡಗಲಿಯವಳು ಎರಡನೆಯವಳು. ಷರತ್ತು ಸರಳವಾಗಿತ್ತು. ಒಂದು ವರ್ಷದೊಳಗೆ ಅಧಿಕಾರಿಯೊಬ್ಬರು ಮೂರು ಸಲ ಬಂದು ನೋಡುತ್ತಾರೆ. ಒಂದು ಸಲವಾದರೂ ಯಂತ್ರ ಓಡುತ್ತಿರುವುದನ್ನು ಅವರು ಕಣ್ಣಾರೆ ಕಂಡು ಬರೆಯಬೇಕು. ಮೂರು ಸಲವೂ ನಿಂತೇ ಇದ್ದರೆ ಯಂತ್ರ ಪಟ್ಟಿಯಲ್ಲಿ ಮುಂದಿರುವವರಿಗೆ ಹೋಗುತ್ತದೆ. ಇದೆಂಥ ಷರತ್ತು, ಯಂತ್ರ ತಂದವರು ಓಡಿಸದೆ ಪೂಜೆ ಮಾಡುತ್ತಾರೇನು ಎಂದು ನಾನು ನಕ್ಕಿದ್ದೆ.

ಅರ್ಜಿ ಸಿದ್ಧವಾದದ್ದು ಕೂಡ್ಲಿಗಿಯಲ್ಲಿ, ಕಚೇರಿಯ ಎದುರಿಗೆ ಮರದ ಕೆಳಗೆ ಕೂತಿದ್ದ ಟೈಪಿಸ್ಟನ ಹತ್ತಿರ. ಆ ವಾರವೆಲ್ಲ ಅವನು ಮೇಣದಬತ್ತಿಯವರ ಅರ್ಜಿಗಳನ್ನೇ ಹೊಡೆದಿದ್ದ. ನಮ್ಮದನ್ನೂ ಅದೇ ಮಾದರಿ ನೋಡಿಕೊಂಡು, ಮೇಣ ಎಂದಿದ್ದಲ್ಲಿ ಎಣ್ಣೆ ಎಂದು ಮಾಡುತ್ತ ಹೋದ. ಕೆಲವು ಕಡೆ ಕೈತಪ್ಪಿತು. ನಮ್ಮ ಗಾಣಕ್ಕೆ ಬೇಕಾಗುವ ಕಚ್ಚಾ ವಸ್ತುಗಳಲ್ಲಿ ಶೇಂಗಾದ ಜೊತೆ ನೂಲಿನ ದಾರವೂ ಇತ್ತು. ಅದನ್ನು ನಾನು ಹಿಡಿದೆ, ಅವನು ಬೈದುಕೊಳ್ಳುತ್ತ ತಿದ್ದಿದ. 'ವಾರದ ರಜೆ: ಭಾನುವಾರ' ಎಂದು ಇದ್ದದ್ದನ್ನು ನಾನು ಓದಿದೆ, ನನ್ನ ಗಂಡ ಓದಿದರು, ಮಾವನಿಗೂ ಓದಿ ಹೇಳಿದೆ. ಯಾರಿಗೂ ತಪ್ಪೆನಿಸಲಿಲ್ಲ. ಭಾನುವಾರ ಸರ್ಕಾರದ ರಜೆ, ಅದು ಸರ್ಕಾರದ ಕಾಗದ, ಹೊಂದಿಕೆಯಾಗಿದೆ ಎಂದುಕೊಂಡೆವು.

ಯಂತ್ರ ಬಂತು. ಕಬ್ಬಿಣದ ಒರಳು, ಅದರೊಳಗೆ ತಿರುಗುವ ಒನಕೆ, ಪಟ್ಟಾ, ಮೋಟಾರು. ಎತ್ತಿನ ಗಾಣದ ಪಕ್ಕದಲ್ಲೇ, ಅದೇ ತಗಡಿನ ಕೆಳಗೆ ಕೂರಿಸಿದೆವು. ಎತ್ತನ್ನು ಅಲ್ಲಿಂದ ಬೇರೆ ಕಡೆ ಕಟ್ಟೋಣವೆಂದರೆ ಮಾವ ಒಪ್ಪಲಿಲ್ಲ. ಅದು ತಾನಿದ್ದ ಜಾಗದಲ್ಲೇ ಇದ್ದು ಮೋಟಾರು ಮಾಡಿದ ಹಿಂಡಿ ತಿಂದುಕೊಂಡಿತ್ತು. ಬಾಗಿಲಿಗೆ ಒಂದು ಬೋರ್ಡು ಬರೆಸಿದರು. ಅದರಲ್ಲಿ 'ಮಾಲೀಕರು' ಎಂಬುದರ ಮುಂದೆ ನನ್ನ ಹೆಸರಿತ್ತು. ಮದುವೆಯ ಲಗ್ನಪತ್ರಿಕೆ ಬಿಟ್ಟರೆ ನನ್ನ ಹೆಸರನ್ನು ಅಷ್ಟು ದೊಡ್ಡದಾಗಿ ನಾನು ನೋಡಿದ್ದು ಅದೇ ಮೊದಲು. ನೀರು ತರುವ ನೆಪದಲ್ಲಿ ಮೊದಲ ದಿನ ಐದಾರು ಸಲ ಹೊರಗೆ ಹೋಗಿ ಬಂದೆ. ಅತ್ತೆಗೆ ಗೊತ್ತಾಯಿತು, ಇನ್ನೊಂದು ಕೊಡ ಕೈಗೆ ಕೊಟ್ಟರು.

ಆ ಯಂತ್ರ ನನಗೆ ಬೇಕಾಗಿತ್ತು. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಕಾಳು ಎಷ್ಟು ಒಣಗಿರಬೇಕು, ಯಾವಾಗ ಒಂದು ಹನಿ ಬಿಸಿನೀರು ಚಿಮುಕಿಸಬೇಕು ಎಂಬುದನ್ನೆಲ್ಲ ಮಾವನನ್ನು ಕೇಳಿ ಕೇಳಿ ಕಲಿತೆ. ಕಲಿಸುವಾಗ ಅವರು ನನ್ನನ್ನು ಸೊಸೆಯೆಂದು ಮರೆಯುತ್ತಿದ್ದರು, ಕೆಲಸಗಾರಳೆಂದೇ ಬೈಯುತ್ತಿದ್ದರು. ಆ ಬೈಗುಳ ನನಗೆ ಇಷ್ಟವಾಗಿತ್ತು.

ಮೊದಲನೆಯ ಭಾನುವಾರ ಸಂಜೆ ಮಾವ ಬಂದು, ಕೈಕಾಲು ತೊಳೆದು, ಗೋಡೆಯ ಹಲಗೆಯಿಂದ ಮೂರೂ ಫ್ಯೂಜುಗಳನ್ನು ಕಿತ್ತರು. ಪಿಂಗಾಣಿಯ ಬಿಳಿ ಫ್ಯೂಜುಗಳು. ಅವನ್ನು ಒಂದು ತಟ್ಟೆಯಲ್ಲಿಟ್ಟುಕೊಂಡು ಒಳಗೆ ಹೋಗಿ, ದೇವರ ಜಗಲಿಯ ಮೇಲೆ ಲಿಂಗದ ಬಲಕ್ಕೆ ಇಟ್ಟು ಬಂದರು. ಸೋಮವಾರ ಬೆಳಿಗ್ಗೆ ಮೋಟಾರಿಗೆ ಮೂರು ಬೆರಳಿನ ವಿಭೂತಿ ಬಳಿದು ಕಣಗಿಲ ಹೂವಿಟ್ಟರು. ಇದೇನೆಂದು ಕೇಳಿದೆ.

"ಸೋಮವಾರ ನಾವು ಎತ್ತು ಹೂಡಂಗಿಲ್ಲ, ಬಸವಣ್ಣನ ದಿನ" ಎಂದರು. "ಎತ್ತಿನ ಕೆಲಸ ಇದು ಮಾಡ್ತೈತಿ ಅಂದ ಮ್ಯಾಲ ಎತ್ತಿನ ರಜಾನೂ ಇದಕ್ಕ ಸಿಗಬೇಕಲ್ಲವ್ವ."

ಹರಪನಹಳ್ಳಿಯಲ್ಲಿ ನನ್ನ ತವರಿನವರೂ ಸೋಮವಾರ ಎತ್ತು ಹೂಡುವುದಿಲ್ಲ. ಆದರೆ ರಜೆಯನ್ನು ಮೋಟಾರಿಗೆ ವರ್ಗಾಯಿಸಿದವರನ್ನು ನಾನು ಕಂಡಿರಲಿಲ್ಲ. ವಾರಕ್ಕೆ ಒಂದು ದಿನ ತಾನೇ, ಹೋಗಲಿ ಎಂದು ಸುಮ್ಮನಾದೆ. ಭಾನುವಾರವೆಲ್ಲ ಗಾಣ ಓಡುತ್ತಿತ್ತು, ಸೋಮವಾರ ಹೂವು ಮುಡಿದು ಕೂರುತ್ತಿತ್ತು.

ತಪಾಸಣೆಯ ಅಧಿಕಾರಿ ಬಂದದ್ದು ಸೋಮವಾರ. ಐದು ಊರಿನ ಭಾರ ಒಬ್ಬರ ತಲೆಯ ಮೇಲಿತ್ತು ಪಾಪ. ಮಂಗಳವಾರ ಕೂಡ್ಲಿಗಿ, ಬುಧವಾರ ಹಗರಿಬೊಮ್ಮನಹಳ್ಳಿ, ಗುರುವಾರ ಹಡಗಲಿ, ಶುಕ್ರವಾರ ಹರಪನಹಳ್ಳಿ. ಕೈಯಲ್ಲೊಂದು ಕೊಡೆ, ಬಗಲಲ್ಲೊಂದು ಚೀಲ, ಹಣೆಯ ಮೇಲೆ ಹಸಿ ವಿಭೂತಿ. ಬಂದವರೇ ಯಂತ್ರ ಚಾಲೂ ಮಾಡಿ ಎಂದರು. ಇವತ್ತು ಆಗುವುದಿಲ್ಲ, ನಾಳೆ ಬನ್ನಿ ಎಂದರು ಮಾವ. ನಾಳೆ ಕೂಡ್ಲಿಗಿ ಎಂದರು ಅವರು. ಮಾವ ವಿವರಿಸಿದರು. ಅವರು ಕೇಳಿಸಿಕೊಂಡರು, ಮೋಟಾರಿನ ಹಣೆ ನೋಡಿದರು, ಚಹಾ ಕುಡಿದರು, ಬರೆದುಕೊಂಡರು. ಎಂಟು ದಿನಕ್ಕೆ ಕಾಗದ ಬಂತು: 'ಕೆಲಸದ ದಿನವಾಗಿದ್ದಾಗ್ಯೂ ಘಟಕವು ಕಾರ್ಯನಿರತವಾಗಿರಲಿಲ್ಲ. ಕಾರಣ ತಿಳಿಸುವುದು.'

ನನ್ನ ಬಿ.ಎ.ಗೆ ಕೊನೆಗೂ ಕೆಲಸ ಸಿಕ್ಕಿತ್ತು. ವಿನಯದಿಂದ ಉತ್ತರ ಬರೆದೆ. ಅರ್ಜಿಯಲ್ಲಿ ವಾರದ ರಜೆ ತಪ್ಪಾಗಿ ನಮೂದಾಗಿದೆ, ಅದನ್ನು ಸೋಮವಾರವೆಂದು ತಿದ್ದಿಕೊಳ್ಳಬೇಕು ಎಂದೆ. ಕಾರಣವನ್ನೂ ಕೊಡೋಣವೆಂದು, ಆ ದಿನ ನಮ್ಮಲ್ಲಿ ಎತ್ತಿಗೆ ರಜೆ ಎಂದು ಸೇರಿಸಿದೆ. ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನಿಜ ಹೇಳುವುದಕ್ಕೂ ಒಂದು ಅಳತೆ ಇರಬೇಕೆಂದು ತರಬೇತಿಯಲ್ಲಿ ಯಾರೂ ಕಲಿಸಿರಲಿಲ್ಲ.

ತಿಂಗಳ ಮೇಲೆ ಇನ್ನೊಂದು ಕಾಗದ ಬಂತು. ಸದರಿ ಘಟಕ ವಿದ್ಯುತ್ ಚಾಲಿತವೆಂದು ಮಂಜೂರಾಗಿದೆ. ತಮ್ಮ ಉತ್ತರದಲ್ಲಿ ಎತ್ತಿನ ಪ್ರಸ್ತಾಪವಿದೆ. ಘಟಕದಲ್ಲಿ ಎತ್ತು ಇದೆಯೇ? ಇದ್ದಲ್ಲಿ ಅದರ ಪಾತ್ರವೇನು? ನಾನು ಓದಿ ಹೇಳಿದೆ. ಮಾವನಿಗೆ ಸಿಟ್ಟು ಬಂತು. ಹದಿನಾಲ್ಕು ವರ್ಷ ದುಡಿದ ಎತ್ತಿನ ಪಾತ್ರವೇನೆಂದು ಕೇಳುವವರು ಇವರು ಯಾರು ಎಂದರು. ಅದನ್ನೇ ಬರೆ ಎಂದರು. ನಾನು ಬರೆಯಲಿಲ್ಲ. ಎತ್ತು ನಿವೃತ್ತವಾಗಿದೆ ಎಂದು ಬರೆದೆ. ಅದು ಇನ್ನೂ ಕೆಟ್ಟದ್ದಾಯಿತು. ನಿವೃತ್ತವಾಗಿದ್ದರೆ ರಜೆ ಯಾತಕ್ಕೆ ಎಂದು ಯಾರಿಗಾದರೂ ಅನಿಸುತ್ತದಲ್ಲ.

ಎರಡನೆಯ ಸಲ ಬಂದಾಗ ಅವರು ನಮ್ಮನ್ನು ಮಾತಾಡಿಸುವ ಮೊದಲು ನೆಟ್ಟಗೆ ಹಿತ್ತಲಿಗೆ ಹೋದರು. ಅದೂ ಸೋಮವಾರವೇ. ಮೋಟಾರು ವಿಭೂತಿ ಧರಿಸಿ ಮೌನವಾಗಿತ್ತು. ಅದರ ಪಕ್ಕದಲ್ಲಿ ಎತ್ತು, ಪಕ್ಕದಲ್ಲಿ ಮರದ ಗಾಣ. ಯಾವ ಕಡೆಯಿಂದ ನೋಡಿದರೂ, ಸರ್ಕಾರದ ಯಂತ್ರವನ್ನು ಮೂಲೆಯಲ್ಲಿ ಪೂಜೆಗೆ ಕೂರಿಸಿ ಈ ಮುದುಕ ಇನ್ನೂ ಎತ್ತಿನಲ್ಲೇ ಎಣ್ಣೆ ತೆಗೆಯುತ್ತಿದ್ದಾನೆ ಎಂದೇ ಕಾಣುವ ನೋಟ ಅದು. ಎತ್ತಿನ ಬಾಯಲ್ಲಿ ಹಿಂಡಿ ಬೇರೆ ಇತ್ತು. ಅಧಿಕಾರಿ ಎತ್ತಿನ ಹಲ್ಲು ನೋಡಲಿಲ್ಲ ಅಷ್ಟೇ, ಉಳಿದದ್ದೆಲ್ಲ ಬರೆದುಕೊಂಡರು. ಮುಂದಿನ ಕಾಗದದಲ್ಲಿ 'ಘಟಕದಲ್ಲಿ ಎತ್ತು ಕಂಡುಬಂದಿದೆ' ಎಂದಿತ್ತು. ಕೆಳಗೆ ಅಂತಿಮ ತಪಾಸಣೆಯ ದಿನಾಂಕವಿತ್ತು. ಗೋಡೆಯ ಕ್ಯಾಲೆಂಡರಿನಲ್ಲಿ ಹುಡುಕಿದೆ. ಸೋಮವಾರ.

ಆ ಹೊತ್ತಿಗೆ ಹಡಗಲಿಯವಳು ನನ್ನ ಗಂಡನ ಶಾಲೆಯ ಯಾರದೋ ಮೂಲಕ ನನ್ನ ಕ್ಷೇಮ ವಿಚಾರಿಸತೊಡಗಿದ್ದಳು. ಅಕ್ಕ ಚೆನ್ನಾಗಿದ್ದಾರಾ, ಯಂತ್ರ ಚೆನ್ನಾಗಿದೆಯಾ ಎಂದು ಪ್ರತಿ ವಾರ ಕೇಳಿ ಕಳಿಸುವಳು. ತಗಡಿನ ಶೆಡ್ಡು ಹಾಕಿಸಿದ್ದಾಳೆಂಬ ಸುದ್ದಿಯೂ ಬಂತು. ಅವಳನ್ನು ದೂರುವಂತಿಲ್ಲ. ಅವಳ ಜಾಗದಲ್ಲಿ ನಾನಿದ್ದರೆ ಮೋಟಾರಿಗೆ ಹೂವನ್ನೂ ಕಳಿಸುತ್ತಿದ್ದೆ.

ನಾನು ಮಾವನನ್ನು ನೇರವಾಗಿ ಕೇಳಿದೆ. ಮನೆಗೆ ಬಂದ ಮೇಲೆ ಅವರ ಹತ್ತಿರ ನಾನು ನನಗೆಂದು ಏನನ್ನಾದರೂ ಬೇಡಿದ್ದು ಅದೇ ಮೊದಲು. "ಮಾವಾರೆ, ಒಂದೇ ಒಂದು ಸೋಮವಾರ. ಅರ್ಧ ತಾಸು. ಇಲ್ಲ ಅಂದ್ರೆ ಯಂತ್ರ ಹೋಗತೈತೆ."

ಅವರು ಎತ್ತಿನ ಕೊರಳ ಹಗ್ಗ ಸಡಿಲಿಸಿದರು. ಆಮೇಲೆ, "ಒಂದು ಸೋಮವಾರ ಅಂತಿ ನೀನು. ಹದಿನಾಕು ವರ್ಷ ಇದು ತಿರಿಗೇತಿ. ಒಂದ ಒಂದು ಸೋಮವಾರ ನಾ ಇದನ್ನ ಕೇಳಿಲ್ಲ" ಎಂದರು.

ನಾನು ಒಳಗೆ ಬಂದು ರೊಟ್ಟಿ ತಟ್ಟಿದೆ. ಆ ದಿನದ ರೊಟ್ಟಿ ಬಹಳ ತೆಳ್ಳಗೆ ಬಂದಿದ್ದವೆಂದು ಅತ್ತೆ ಆಮೇಲೆ ಎಷ್ಟೋ ವರ್ಷ ಹೇಳುತ್ತಿದ್ದರು. ಗಂಡನಿಗೆ ಹೇಳಿದೆ. ಅವರು ಎರಡೂ ಕಡೆ ನ್ಯಾಯವಿದೆ ಎಂದು ಹೇಳಿ ಮಲಗಿದರು. ನಾನು ಮಾವನ ಜೊತೆ ಮಾತು ಬಿಟ್ಟೆ. ಅವರು ಮೊದಲೇ ಹೆಚ್ಚು ಮಾತಾಡದವರಾದ್ದರಿಂದ ಅದು ಅವರಿಗೆ ಗೊತ್ತಾಗುವುದಕ್ಕೆ ನಾಲ್ಕು ದಿನ ಹಿಡಿಯಿತು.

ಆ ಸೋಮವಾರ ಬಂತು. ಮಾವ ಎಂದಿನಂತೆ ಬೆಳಿಗ್ಗೆ ಮೋಟಾರಿಗೆ ವಿಭೂತಿ ಹಚ್ಚಿ ಊರ ಸ್ವಾಮಿಯ ಗುಡಿಗೆ ಹೋದರು. ಸೋಮವಾರ ಗುಡಿಯಲ್ಲಿ ಮಂದಿ ಬಹಳ, ಬರುವುದು ಹನ್ನೊಂದು ಗಂಟೆಗೆ. ನಾನು ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲಲ್ಲೇ ದೇವರ ಮುಂದೆ ಹೋಗಿ ನಿಂತೆ. ಕದಿಯುವುದೇ ಆದರೂ ಮಡಿಯಲ್ಲಿ ಕದಿಯೋಣವೆಂದು. ಕೈ ಮುಂದೆ ಹೋಗಲಿಲ್ಲ. ಲಿಂಗದ ಪಕ್ಕದಿಂದ ಫ್ಯೂಜು ಎತ್ತುವುದು ಹೇಳಿದಷ್ಟು ಸುಲಭವಲ್ಲ. ಹಿಂದಿನಿಂದ ಅತ್ತೆ ಬಂದರು. ನನ್ನನ್ನು ಪಕ್ಕಕ್ಕೆ ಸರಿಸಿ, ತಟ್ಟೆಯ ಸಮೇತ ಮೂರನ್ನೂ ಎತ್ತಿ ನನ್ನ ಕೈಯಲ್ಲಿಟ್ಟರು. "ಪಾಪ ಬಂದ್ರ ನನಗ ಬರ್ಲಿ. ನಂದು ಆಗಲೇ ಭಾಳ ಅದಾವು" ಎಂದು ಹೇಳಿ ಒಲೆಯ ಕಡೆ ಹೋದರು.

ಫ್ಯೂಜು ಹಾಕಿದೆ. ಒರಳಿಗೆ ಶೇಂಗಾ ಕಾಳು ಸುರಿದೆ. ದೇವರನ್ನು ನೆನೆದು, ಅಂದರೆ ಕ್ಷಮೆ ಕೇಳಿ, ಗುಂಡಿ ಒತ್ತಿದೆ. ಏನೂ ಆಗಲಿಲ್ಲ. ಮತ್ತೆ ಒತ್ತಿದೆ. ಅಡುಗೆಮನೆಯಿಂದ ಅತ್ತೆ ಕೂಗಿ ಹೇಳಿದರು, ಕರೆಂಟು ಹೋಗಿ ಅರ್ಧ ತಾಸಾಯಿತೆಂದು.

ಇಡೀ ವಂಶದ ನೇಮ ಮುರಿದದ್ದಕ್ಕೆ ಸಿಕ್ಕ ಫಲ ಇದು. ನಾನು ಅಲ್ಲೇ ಶೇಂಗಾ ಚೀಲದ ಮೇಲೆ ಕೂತು ಅತ್ತುಬಿಟ್ಟೆ. ಅಳುವಾಗಲೇ ಅಂಗಳದಲ್ಲಿ ಮಾತು ಕೇಳಿಸಿತು. ಮಾವ ಬರುತ್ತಿದ್ದರು, ಅವರ ಜೊತೆಗೇ ಅಧಿಕಾರಿಯೂ ಬರುತ್ತಿದ್ದರು. ಗುಡಿಯ ಸಾಲಿನಲ್ಲಿ ಒಬ್ಬರ ಹಿಂದೆ ಒಬ್ಬರು ನಿಂತಿದ್ದರಂತೆ. ಇಬ್ಬರ ಹಣೆಯಲ್ಲೂ ಒಂದೇ ವಿಭೂತಿ, ಕೈಯಲ್ಲಿ ಒಂದೇ ತರಹದ ಕಾಯಿ ಹೋಳು.

ಮಾವ ಹಲಗೆಯಲ್ಲಿದ್ದ ಫ್ಯೂಜು ನೋಡಿದರು. ತುಂಬಿದ ಒರಳು ನೋಡಿದರು. ನನ್ನ ಒದ್ದೆ ತಲೆ, ಅತ್ತ ಮುಖ ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಅವರು ಕಾಯಿ ಹೋಳನ್ನು ಗೋಡೆಯ ಗೂಡಿನಲ್ಲಿಟ್ಟು ಎತ್ತಿನ ಹತ್ತಿರ ಹೋಗಿ ನಿಂತರು. ಅಧಿಕಾರಿ ಚೀಲದಿಂದ ಕಾಗದ ತೆಗೆದು, ಯಂತ್ರ ಓಡುವುದನ್ನು ನೋಡದೆ ಓಡುತ್ತದೆ ಎಂದು ಬರೆಯಲಾರೆ, ನನ್ನ ಕೆಲಸ ಹೋಗುತ್ತದೆ ಎಂದರು. ಕರೆಂಟು ಬರುವವರೆಗೆ ಕೂರಿ ಎಂದು ನಾನು ಬೇಡಿಕೊಂಡೆ. ಅಷ್ಟರಲ್ಲಿ ಅತ್ತೆ ಒಗ್ಗರಣೆ ಮಂಡಕ್ಕಿ, ಬಿಸಿ ಮಿರ್ಚಿ ಬಜ್ಜಿ ತಂದು ಮುಂದಿಟ್ಟರು. ಅಧಿಕಾರಿ ಕೂತರು. ಸರ್ಕಾರದ ನಿಯಮಗಳಲ್ಲಿ ಮಿರ್ಚಿಗೆ ಎದುರಾದದ್ದು ಯಾವುದೂ ಇಲ್ಲವೆಂದು ಕಾಣುತ್ತದೆ.

ಒಂದು ತಾಸು ಕಳೆಯಿತು. ಎರಡಾಯಿತು. ಕೂಡ್ಲಿಗಿ ಕಡೆಯ ಬಸ್ಸಿನ ಹೊತ್ತಾಯಿತೆಂದು ಅವರು ಗಡಿಯಾರ ನೋಡತೊಡಗಿದರು. ಪೆನ್ನಿನ ಮುಚ್ಚಳ ತೆಗೆದರು. ಆಗ ಮಾವ ಯಾರೂ ಎಣಿಸದ ಕೆಲಸ ಮಾಡಿದರು. ಎತ್ತಿನ ಹಗ್ಗ ಬಿಚ್ಚಿ, ಅದನ್ನು ಮರದ ಗಾಣದ ಹತ್ತಿರ ನಡೆಸಿಕೊಂಡು ಹೋಗಿ, ಅದರ ಹೆಗಲ ಮೇಲೆ ನೊಗವಿಟ್ಟರು. ಸೋಮವಾರ, ಎಲ್ಲರ ಕಣ್ಣೆದುರಿಗೆ. ಎಣ್ಣೆ ತಾನೇ ನೋಡಬೇಕು, ಯಾವ ಗಾಣದ್ದಾದರೇನು ಎಂದು ಅವರ ಲೆಕ್ಕ. ಅತ್ತೆ ಬಾಗಿಲಲ್ಲಿ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನನಗೆ ಎದ್ದು ಹೋಗಿ ಬೇಡವೆನ್ನಬೇಕೆನಿಸಿತು, ಆದರೆ ಕೂತೇ ಇದ್ದೆ. ಆ ಮನುಷ್ಯ ನನಗಾಗಿ ಹದಿನಾಲ್ಕು ವರ್ಷದಲ್ಲಿ ಕೇಳದ್ದನ್ನು ಎತ್ತಿನ ಬಳಿ ಕೇಳುತ್ತಿದ್ದರು.

ಎತ್ತು ಹೊರಡಲಿಲ್ಲ. ಮಾವ ಬೆನ್ನು ಸವರಿದರು, ಹೋ ಎಂದರು, ಬಾಲ ಮುಟ್ಟಿದರು. ಅದು ಒಮ್ಮೆ ಮಾವನ ಮುಖ ನೋಡಿ, ನಿಧಾನವಾಗಿ ಮುಂಗಾಲು ಮಡಚಿ, ನೊಗದ ಸಮೇತ ಮಲಗಿಬಿಟ್ಟಿತು. ಎತ್ತಿಗೆ ವಾರ ತಿಳಿಯುತ್ತದೆಯೇ ಎಂದು ಓದಿದವರು ಕೇಳಬಹುದು. ನಮ್ಮ ಎತ್ತಿಗೆ ತಿಳಿಯುತ್ತಿತ್ತು.

ಅಧಿಕಾರಿ ಅಲ್ಲಿಯವರೆಗೆ ಮಿರ್ಚಿ ಕೈಯಲ್ಲಿ ಹಿಡಿದು ನೋಡುತ್ತಿದ್ದರು. "ಯಜಮಾನ್ರ, ಎಬ್ಬಸಬ್ಯಾಡ್ರಿ ಅದನ್ನ" ಎಂದರು. "ಅದು ಒಂದು ಸುತ್ತು ಬಂದ್ರ ನಾ ಎತ್ತಿನ ಗಾಣ ಅಂತ ಬರೀಬೇಕಾಗ್ತೈತಿ." ಆಮೇಲೆ, ವಾರದ ಆರು ದಿನ ಬಿಟ್ಟು ಈ ಸೋಮವಾರಕ್ಕೇ ಯಾಕೆ ಇಷ್ಟು ಹಟ ಎಂದು ಕೇಳಿದರು. ನಿಜವಾಗಿ ತಿಳಿದುಕೊಳ್ಳಬೇಕೆಂದೇ ಕೇಳಿದಂತಿತ್ತು.

ಮಾವ ನೊಗ ಬಿಚ್ಚುತ್ತಿದ್ದರು. ತಲೆ ಎತ್ತದೆ, "ನೀವು ಯಾಕ ಕೊಟ್ಟೂರಿಗೆ ಸೋಮವಾರನ ಬರ್ತೀರಿ, ಸಾಹೇಬ್ರ?" ಎಂದರು.

ಅಧಿಕಾರಿಯ ಕೈ ತಾನಾಗಿ ಹಣೆಗೆ ಹೋಯಿತು. ಸೋಮವಾರ ಬಂದರೆ ಕೆಲಸವೂ ಆಗುತ್ತದೆ, ಸ್ವಾಮಿಯ ದರ್ಶನವೂ ಆಗುತ್ತದೆ ಎಂದು ಅವರೇ ಆ ದಿನ ಇಟ್ಟುಕೊಂಡಿದ್ದರು. ಅದನ್ನು ಹೇಳಲೂ ಆಗದೆ ಬಿಡಲೂ ಆಗದೆ ನಕ್ಕುಬಿಟ್ಟರು. ಅತ್ತೆ ನಕ್ಕರು. ಮಾವ ನಗಲಿಲ್ಲ, ಎತ್ತಿನ ಹೆಗಲು ಉಜ್ಜುತ್ತಿದ್ದರು.

ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿ ಆ ಬಸ್ಸು ಬಿಟ್ಟರು. ಕರೆಂಟು ಬಂದದ್ದು ಮೂರು ಗಂಟೆಯ ಮೇಲೆ. ಅಡುಗೆಮನೆಯ ಬಲ್ಬು ಹತ್ತಿತು. ಎಲ್ಲರೂ ಗೋಡೆಯ ಹಲಗೆ ನೋಡಿದರು. ನಾನು ಗುಂಡಿಯ ಹತ್ತಿರ ನಿಂತು ಮಾವನನ್ನು ನೋಡಿದೆ. ಇಷ್ಟೆಲ್ಲ ಆದ ಮೇಲೆಯೂ ಅವರು ಬೇಡ ಎಂದಿದ್ದರೆ ನಾನು ಒತ್ತುತ್ತಿರಲಿಲ್ಲ. ಯಂತ್ರ ಹಡಗಲಿಗೆ ಹೋಗಲಿ ಎಂದೇ ಅಂದುಕೊಂಡಿದ್ದೆ. ನೊಗ ಇಟ್ಟ ಆ ಕೈಗಳನ್ನು ನೋಡಿದ ಮೇಲೆ ನನ್ನ ಹಟ ಅರ್ಧಕ್ಕಿಂತ ಹೆಚ್ಚು ಕರಗಿತ್ತು.

"ನನ್ನೇನು ನೋಡ್ತಿ? ಬೋರ್ಡಿನ ಮ್ಯಾಲ ನಿನ್ನ ಹೆಸರೈತಿ" ಎಂದರು ಮಾವ.

ಒತ್ತಿದೆ. ಪಟ್ಟಾ ಒಮ್ಮೆ ನಡುಗಿ ತಿರುಗಿತು. ಮೋಟಾರಿನ ಹಣೆಯ ಮೇಲಿದ್ದ ಕಣಗಿಲ ಹೂವು ಕೆಳಗೆ ಬಿತ್ತು. ಸ್ವಲ್ಪ ಹೊತ್ತಿಗೆ ಎಣ್ಣೆ ಇಳಿಯಿತು. ಅಧಿಕಾರಿ ಬೆರಳಲ್ಲಿ ಒಂದು ಹನಿ ತೆಗೆದು ಮೂಸಿ, ನಾಲಿಗೆಗೆ ಮುಟ್ಟಿಸಿ, ಘಟಕ ಕಾರ್ಯನಿರತವಾಗಿದೆ ಎಂದು ಬರೆದು ನಮ್ಮೆದುರಿಗೇ ಓದಿ ಹೇಳಿದರು. ಎತ್ತಿನ ವಿಷಯ ಎಲ್ಲೂ ಬರಲಿಲ್ಲ. ಅದು ಅಲ್ಲೇ ಮಲಗಿ ಮೆಲುಕು ಹಾಕುತ್ತಿತ್ತು.

ಹೊರಡುವ ಮೊದಲು ಅವರು ಇನ್ನೊಂದು ನಮೂನೆ ತೆಗೆದರು, ವಾರದ ರಜೆ ತಿದ್ದುವುದು. ಭಾನುವಾರ ಹೊಡೆದುಹಾಕಿ ಸೋಮವಾರ ಎಂದು ನಾನೇ ಬರೆದೆ. ಕೆಳಗೆ 'ಕಾರಣ' ಎಂದು ಒಂದು ಗೆರೆ ಇತ್ತು. ಪೆನ್ನು ನಿಂತಿತು. ಎತ್ತು, ಬಸವಣ್ಣ, ವಂಶದ ನೇಮ ಎಲ್ಲ ತಲೆಯಲ್ಲಿ ಬಂದುಹೋದವು. ಅಧಿಕಾರಿ ಗಾಬರಿಯಿಂದ ಕೈ ಅಡ್ಡ ಹಿಡಿದು, ದಯವಿಟ್ಟು ಎತ್ತು ಬೇಡಮ್ಮ, 'ಮಾಲೀಕರ ಇಚ್ಛೆ' ಎಂದು ಬರೆಯಿರಿ, ಅದನ್ನು ಯಾರೂ ಪ್ರಶ್ನೆ ಮಾಡುವುದಿಲ್ಲ ಎಂದರು. ಬರೆದೆ. ಸಹಿ ಹಾಕಿದೆ. ನನ್ನ ಇಚ್ಛೆಯನ್ನು ಯಾರೂ ಪ್ರಶ್ನೆ ಮಾಡುವುದಿಲ್ಲ ಎಂಬ ಸುದ್ದಿ ನನಗೆ ಅಂದು ಸರ್ಕಾರದಿಂದ ತಿಳಿಯಿತು.

ಆ ರಾತ್ರಿ ಗಂಡ ಬಂದು ಏನಾಯಿತು ಎಂದರು. ಏನೂ ಇಲ್ಲ ಎಂದೆವು ಮೂವರೂ.

ಆಮೇಲೆ ಗಾಣ ವರ್ಷಗಟ್ಟಲೆ ತಿರುಗಿತು. ಎತ್ತು ಹೋಯಿತು, ಅದನ್ನು ಹಿತ್ತಲಲ್ಲೇ ಮಣ್ಣು ಮಾಡಿದೆವು. ಹಡಗಲಿಯವಳಿಗೆ ಮರುವರ್ಷದ ಪಟ್ಟಿಯಲ್ಲಿ ಯಂತ್ರ ಸಿಕ್ಕಿತು. ಕಾಳು ಎಷ್ಟು ಒಣಗಿರಬೇಕೆಂದು ಕೇಳಲು ಬಂದು ಎರಡು ದಿನ ಇದ್ದು ಹೋದಳು. ಸಾರಿನ ಉಪ್ಪು ಯಾವಾಗಲೋ ನನ್ನ ಕೈಗೆ ಬಂತು. ಫ್ಯೂಜು ಮಾತ್ರ ಮಾವನ ಕೈಯಲ್ಲೇ ಉಳಿಯಿತು. ಪ್ರತಿ ಭಾನುವಾರ ಸಂಜೆ ಕಿತ್ತು ಜಗಲಿಗಿಡುವವರೂ ಅವರೇ, ಮಂಗಳವಾರ ಬೆಳಿಗ್ಗೆ ತಂದು ಹಾಕುವವರೂ ಅವರೇ. ನಾನು ಕೇಳಲಿಲ್ಲ, ಅವರು ಕೊಡಲಿಲ್ಲ.

ಹೊಸ ಶತಮಾನ ಬಂದ ಮೇಲಿನ ಮಾತು. ಮಾವನಿಗೆ ಎಂಬತ್ತರ ಹತ್ತಿರ, ಕೋಲು ಹಿಡಿದು ಓಡಾಡುತ್ತಿದ್ದರು. ಶೇಂಗಾ ಸುಗ್ಗಿಯ ಒಂದು ಸೋಮವಾರ, ಗುಡೇಕೋಟೆಯ ಕಡೆಯಿಂದ ಒಂದು ಟ್ರ್ಯಾಕ್ಟರು ತುಂಬ ಚೀಲ ಹೇರಿಕೊಂಡು ಜನ ಬಂದಿಳಿದರು. ವಾರದ ಲೆಕ್ಕ ಮರೆತು ಬಂದಿದ್ದರು. ಅವರ ಜೊತೆ ಮಾವನ ವಯಸ್ಸಿನವರೊಬ್ಬರಿದ್ದರು, ದೂರದಿಂದ ಬಂದು ದಣಿದಿದ್ದರು. ಮಾವ ಅವರ ಜೊತೆ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತಿದ್ದು, ಎದ್ದು ಒಳಗೆ ಹೋದರು. ಬರುವಾಗ ಅವರ ಕೈಯಲ್ಲಿ ತಟ್ಟೆ ಇತ್ತು, ತಟ್ಟೆಯಲ್ಲಿ ಮೂರು ಫ್ಯೂಜು.

"ಹಾಕವ್ವ. ದೂರದಿಂದ ಬಂದಾರ. ಎತ್ತು ಹೋಗಿ ಎಷ್ಟು ವರ್ಷ ಆತು" ಎಂದರು.

ನಾನು ತಟ್ಟೆ ತೆಗೆದುಕೊಂಡೆ. ಒಳಗೆ ಹೋಗಿ ಅದನ್ನು ಜಗಲಿಯ ಮೇಲೆ, ಲಿಂಗದ ಬಲಕ್ಕೆ, ಇದ್ದಲ್ಲೇ ಇಟ್ಟು ಬಂದೆ. ಮಾವ ಯಾಕೆ ಎಂದು ಹುಬ್ಬೇರಿಸಿದರು. ಮಾಲೀಕರ ಇಚ್ಛೆ ಎಂದೆ.

ಅವರು ನನ್ನನ್ನೇ ನೋಡುತ್ತ ಕೋಲಿನ ಮೇಲೆ ಎರಡೂ ಕೈ ಊರಿ ನಿಂತರು. ಅಂದು ನಗದೆ ಉಳಿಸಿಕೊಂಡಿದ್ದ ನಗು ಈಗ ಬಂತು. ಕೆಮ್ಮು ಬರುವವರೆಗೂ ನಕ್ಕರು. ಆಮೇಲೆ ಕಟ್ಟೆಯ ಕಡೆ ತಿರುಗಿ, ನನಗೆ ಕೇಳುವಂತೆ ಗಟ್ಟಿಯಾಗಿ ಹೇಳಿದರು:

"ಇವತ್ತು ಆಗಂಗಿಲ್ರಿ. ನಮ್ಮ ಮಾಲಕರು ಒಲ್ಲೆ ಅಂತಾರ. ಚೀಲ ಇಳಿಸಿ ಊಟ ಮಾಡ್ರಿ, ಬೆಳಿಗ್ಗೆ ಹಚ್ಚತಾರ."

ಗುಡೇಕೋಟೆಯವರು ಚೀಲ ಇಳಿಸಿದರು. ಮಂಗಳವಾರ ಬೆಳಿಗ್ಗೆ ನಾನು ಅಂಗಳ ಗುಡಿಸಿ ಒಳಗೆ ಬಂದಾಗ ಮಾವ ಇನ್ನೂ ಹಾಸಿಗೆಯಲ್ಲೇ ಕೂತಿದ್ದರು. ತಟ್ಟೆ ಜಗಲಿಯ ಮೇಲೆ ಹಾಗೆಯೇ ಇತ್ತು. ಯಾಕೆ ಇನ್ನೂ ಹಾಕಿಲ್ಲವೆಂದು ಕೇಳಿದೆ. ಇನ್ನು ಮೇಲೆ ನೀನೇ ಹಾಕು ಎಂದು ಹೇಳಿ ಅವರು ಗೋಡೆಯ ಕಡೆ ತಿರುಗಿ ಮಲಗಿದರು.